ನೀರಿಗೆ ಬಿಟ್ಟ ಗಂಟು

ನಮ್ಮ ಮನೆಯವರ ಇಷ್ಟಲಿಂಗವನ್ನು ಅಟ್ಲಾಂಟಿಕ್ ಸಮುದ್ರಕ್ಕೆ ಒಗೆದವಳು ನಾನು. ಬೇಕಂತ ಒಗೆದದ್ದಲ್ಲ. ಆದರೆ ಒಗೆದದ್ದಂತೂ ಈ ಬಲಗೈಯೇ, ಅದೂ ಗೊಣಗುತ್ತಾ, ಸಿಟ್ಟಿನಲ್ಲಿ. ನನ್ನ ತಂಗಿ ಈ ಸುದ್ದಿಯನ್ನು ಯಾರಿಗಾದರೂ ಹೇಳುವಾಗ ನನ್ನ ಮರ್ಯಾದೆ ಉಳಿಸಲಿಕ್ಕೆ "ಅಕ್ಕನ ಕೈಯಾಗಿಂದ ಜಾರಿತು" ಅನ್ನುತ್ತಾಳೆ. ಜಾರಲಿಲ್ಲ. ಗಾಳಿಗೆ ತಿರುಗಿ ಹಡಗಿನೊಳಗೇ ಬೀಳಬಾರದು ಅಂತ ಜೋರಾಗಿಯೇ ಬೀಸಿದ್ದೆ.

ಇಂಡಿಯಲ್ಲಿ ಮನೆ ಕಟ್ಟಿಕೊಂಡಿರುವ ಎರಡು ಪಿಂಚಣಿ ಜೀವಗಳು ಅಲ್ಲಿಗೆ ಹೇಗೆ ಹೋದವು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಇವರು ಸರ್ವೇಯರ್ ಆಗಿದ್ದವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳಲ್ಲಿ ಇವರು ಸರಪಳಿ ಎಳೆಯದ ಹೊಲ ಕಡಿಮೆ. ಹುಟ್ಟೂರು ಇಂಗಳೇಶ್ವರ. ಅಲ್ಲಿಯ ಎರೆಮಣ್ಣಿನ ಹಾಗೆ ಇವರೂ ಒಮ್ಮೆ ಗಟ್ಟಿಯಾದರೆ ಮುಗಿಯಿತು, ಗುದ್ದಲಿಯೂ ಇಳಿಯುವುದಿಲ್ಲ. ಒಮ್ಮೆ ಒಬ್ಬ ದೊಡ್ಡ ಜಮೀನುದಾರ ಒಂದೇ ಒಂದು ಗುಂಟೆ ಹೆಚ್ಚಿಗೆ ತೋರಿಸಿರಿ ಅಂತ ಬೆಳಗಿನಿಂದ ಮಧ್ಯಾಹ್ನದವರೆಗೆ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದ. ಇವರು "ಅಳತಿ ಅಂದ್ರ ಅಳತಿರಿ" ಅಂತ ಒಂದು ಮಾತು ಹೇಳಿ ಒಳಗೆ ಬಂದು ಉಂಡು ಮಲಗಿದರು.

ತಂಗಿ ನ್ಯೂಯಾರ್ಕಿನ ಹತ್ತಿರ ಒಂದು ಊರಲ್ಲಿ ಬಹಳ ವರ್ಷದಿಂದ ನರ್ಸ್ ಆಗಿದ್ದಾಳೆ. ಮದುವೆ ಮಾಡಿಕೊಂಡಿಲ್ಲ. ಅವಳಿಗೆ ಸೊಂಟದ ಆಪರೇಷನ್ ನಿಗದಿಯಾಗಿತ್ತು. "ಅಕ್ಕಾ, ನೀ ಬಂದು ಬಾಜೂಕ ನಿಂತ ಮ್ಯಾಲೇ ನಾ ಟೇಬಲ್ ಮ್ಯಾಲ ಮಲಗಾಕಿ" ಅಂದಿದ್ದಳು. ಹೋಗುವ ದಾರಿಯಲ್ಲಿ ಲಂಡನ್ನಿನಲ್ಲಿ ನಮ್ಮ ಕಡೆಯವರೊಬ್ಬರ ಮನೆಯಲ್ಲಿ ಒಂದು ವಾರ ಇದ್ದು ಊರು ನೋಡುವ ಆಸೆ ನನ್ನದು. ನಾಲ್ಕನೆಯ ದಿನ ಇವರು ಚಹಾದ ಕಪ್ಪು ಕೆಳಗಿಟ್ಟು, "ಎಡಗಣ್ಣಿಗೆ ಪಡದೆ ಬಿದ್ದಂಗ ಆಗೇತಿ" ಅಂದರು. ಕಣ್ಣಿನ ಹಿಂದಿನ ಪೊರೆ ಕಿತ್ತುಬಂದಿತ್ತು. ಅಲ್ಲೇ ಆಪರೇಷನ್ ಆಯಿತು. ಪೊರೆ ಜಾಗದಲ್ಲಿ ಕೂರಲಿ ಅಂತ ಕಣ್ಣಿನೊಳಗೆ ಒಂದು ಗ್ಯಾಸಿನ ಗುಳ್ಳೆ ಬಿಟ್ಟರು. ಅದು ತಾನಾಗಿ ಕರಗುವವರೆಗೆ ವಿಮಾನ ಹತ್ತುವ ಹಾಗಿಲ್ಲ ಅಂತ ಕೈಗೆ ಒಂದು ಹಸಿರು ಪಟ್ಟಿ ಕಟ್ಟಿದರು. ಮೇಲೆ ಹೋದಂತೆ ಒತ್ತಡ ಇಳಿದು ಗ್ಯಾಸು ಹಿಗ್ಗುತ್ತದೆ. ಇದನ್ನು ನಾನೇ ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ಕಲಿಸಿದ್ದೆ. ಗಂಡನ ಕಣ್ಣಿನೊಳಗೆ ಆ ಪಾಠ ಬಂದು ಕೂರುತ್ತದೆ ಅಂತ ಗೊತ್ತಿರಲಿಲ್ಲ.

ತಂಗಿಯ ಆಪರೇಷನ್ ತಾರೀಖು ಹತ್ತಿರ ಬಂತು. ಇವರನ್ನು ಬಿಟ್ಟು ನಾನು ಹೋಗಲಾರೆ, ಅವಳನ್ನು ಬಿಟ್ಟು ಇಲ್ಲಿರಲಾರೆ. ಆಗ ಅವಳೇ ಹಡಗು ಹುಡುಕಿದಳು. ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಏಳು ರಾತ್ರಿ. ಹೀಗೆ, ಕೃಷ್ಣಾ ನದಿಯನ್ನು ಸೇತುವೆಯ ಮೇಲಿಂದ ಬಿಟ್ಟು ಬೇರೆ ದಾರಿಯಲ್ಲಿ ದಾಟದ ನಾವು ಮಹಾಸಾಗರ ದಾಟಲಿಕ್ಕೆ ಹೊರಟೆವು.

ಮೊದಲ ಮೂರು ದಿನ ಚೆನ್ನಾಗಿದ್ದವು. ನಮ್ಮದು ಕಿಟಕಿ ಇಲ್ಲದ ಅಗ್ಗದ ಕೋಣೆ. ಎದ್ದು ಮೇಲಕ್ಕೆ ಹೋದರೆ ನೀರೇ ನೀರು. ಇವರು ಕಟಕಟೆ ಹಿಡಿದು ನಿಂತು, "ಇಷ್ಟ ಜಾಗಾ, ಒಂದರ ಬಾಂದುಗಲ್ಲಿಲ್ಲ ನೋಡು. ಯಾರ ಕೂಡನೂ ಜಗಳಿಲ್ಲ" ಅನ್ನುತ್ತಿದ್ದರು. ಕಣ್ಣಿನೊಳಗಿನ ಗುಳ್ಳೆಯ ಅಂಚು ಅವರಿಗೆ ಕಪ್ಪು ಗೆರೆಯ ಹಾಗೆ ಕಾಣುತ್ತಿತ್ತು. ತಲೆ ವಾಲಿದರೆ ಅದೂ ಹೊಯ್ದಾಡುತ್ತಿತ್ತಂತೆ. "ಗೌಂಡಿ ಲೆವೆಲ್ಲು ನುಂಗಿದಂಗ ಆಗೇತಿ" ಅಂತ ನಗುತ್ತಿದ್ದರು. ಊಟದ ಮನೆಯಲ್ಲಿ ಲೆಕ್ಕವಿಲ್ಲದಷ್ಟು ಬಗೆ. ನಾವು ಮೊಸರು, ಹಣ್ಣು, ಬೇಯಿಸಿದ ತರಕಾರಿ ತಂದುಕೊಂಡು ಕೋಣೆಯಲ್ಲಿ ಕುಳಿತು ನಮ್ಮ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಇಂಡಿ ಲಿಂಬೆಯ ಉಪ್ಪಿನಕಾಯಿ ಜೊತೆ ಉಣ್ಣುತ್ತಿದ್ದೆವು. ಕೋಣೆ ಗುಡಿಸುವ ಹೆಂಗಸು ಬಾಗಿಲು ತೆಗೆದಾಗೆಲ್ಲ ಮೂಗು ಅರಳಿಸುತ್ತಿದ್ದಳು. ಅದು ಮೆಚ್ಚುಗೆಯೋ ಬೇಸರವೋ ನಾನು ಕೇಳಲಿಲ್ಲ.

ಇವರದು ದಿನಾ ಬೆಳಿಗ್ಗೆ ಸ್ನಾನ, ಆಮೇಲೆ ಲಿಂಗಪೂಜೆ, ಆಮೇಲೆ ಬಾಯಿಗೆ ಏನಾದರೂ. ಈ ಕ್ರಮ ನಾನು ಮದುವೆಯಾಗಿ ಬಂದಾಗಿನಿಂದ ಒಂದು ದಿನ ತಪ್ಪಿದ್ದು ನೋಡಿಲ್ಲ. ಜ್ವರ ಬಂದಾಗಲೂ ಇಲ್ಲ, ಕಣ್ಣಿನ ಆಪರೇಷನ್ನಿನ ಮರುದಿನವೂ ಇಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ವಿಭೂತಿ ಹಚ್ಚಿ, ಊರಿಂದ ತಂದ ಒಣ ಬಿಲ್ವಪತ್ರೆಯ ಎಸಳು ಏರಿಸಿ ಕೂತರೆಂದರೆ ಹಡಗು ಅಲ್ಲಾಡಿದರೂ ಕೈ ಅಲ್ಲಾಡುತ್ತಿರಲಿಲ್ಲ. ಲಿಂಗವನ್ನು ಇಡುವ ಬೆಳ್ಳಿ ಕರಡಿಗೆಯನ್ನು ಮಾತ್ರ ಊರಲ್ಲೇ ಬಿಟ್ಟು ಬಂದಿದ್ದರು. ವಿಮಾನ ನಿಲ್ದಾಣದಲ್ಲಿ ಅದು ಕುಂಯ್ ಅನ್ನುತ್ತದೆ, ಯಾರೋ ಪೊಲೀಸಿನವನು ತೆಗೆಸಿ ಮುಟ್ಟಿ ನೋಡುತ್ತಾನೆ ಅಂತ ಹೆದರಿಕೆ. ಹಾಗಾಗಿ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ದಾರ ಹಾಕಿ ಕೊರಳಿಗೆ ಇಳಿಬಿಟ್ಟಿದ್ದರು. ನಾನು ನನ್ನ ಕರಡಿಗೆಯನ್ನು ಕೊರಳಲ್ಲೇ ಹಾಕಿಕೊಂಡು ಬಂದಿದ್ದೆ, ಯಾರೂ ತೆಗೆಸಲಿಲ್ಲ.

ತೊಂದರೆ ಆದದ್ದು ಪೂಜೆಯಿಂದಲ್ಲ, ಪೂಜೆಯ ನಂತರ ಉಳಿಯುವ ಪತ್ರೆಯಿಂದ. ಏರಿಸಿದ ಪತ್ರೆ ಯಾರ ಕಾಲಿಗೂ ಸಿಗಬಾರದು, ಕಸದ ಬುಟ್ಟಿಗೆ ಹೋಗಬಾರದು, ನೀರಿಗೆ ಬಿಡಬೇಕು. ಊರಲ್ಲಾದರೆ ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಲಿಂಬೆ ಗಿಡದ ಬುಡಕ್ಕೆ ಹಾಕುತ್ತೇವೆ. ಇಲ್ಲಿ ಮೂರು ದಿನದ್ದು ಕೂಡಿಬಿದ್ದಿತ್ತು. ಅದನ್ನು ಇವರು ಲಿಂಗಕ್ಕೆ ಹರಿದ ಅದೇ ಬಿಳಿ ಬಟ್ಟೆಯ ಇನ್ನೊಂದು ತುಂಡಿನಲ್ಲಿ, ಅದೇ ಥರದ ಗಂಟು ಹಾಕಿ, ಕನ್ನಡಿಯ ಮುಂದಿನ ಮೇಜಿನ ಮೇಲೆ ಇಟ್ಟಿದ್ದರು. ಹಡಗಿನ ತುಂಬ ಸಮುದ್ರಕ್ಕೆ ಏನೂ ಎಸೆಯಬಾರದು ಅಂತ ಬೋರ್ಡು. ಇವರಿಗೆ ಕಾಯಿದೆ ಮುರಿಯುವ ಧೈರ್ಯವಿಲ್ಲ, ಪತ್ರೆಯನ್ನು ಬುಟ್ಟಿಗೆ ಹಾಕುವ ಧೈರ್ಯವೂ ಇಲ್ಲ. ಬೆಳಿಗ್ಗೆ ಎದ್ದರೆ ನನಗೆ ಒಂದೇ ಮಂತ್ರ: "ಅದಷ್ಟು ನೀರಿಗೆ ಬಿಟ್ಟು ಬಾರ. ನೀ ಹೆಣ್ಮಗಳು, ನಿನಗ ಯಾರೂ ಏನೂ ಅನ್ನೂದಿಲ್ಲ."

ನಾಲ್ಕನೆಯ ದಿನ ಬೆಳಿಗ್ಗೆ ಬಚ್ಚಲಿನ ಒಳಗಿನಿಂದ ಅದೇ ಮಾತು ಬಂತು. ನನಗೆ ರೇಗಿತು. ಮೇಜಿನ ಮೇಲೆ ಕೈಗೆ ಸಿಕ್ಕ ಗಂಟನ್ನು ನೋಡದೆಯೇ ಕಿತ್ತುಕೊಂಡು, ಸೆರಗಿನ ಕೆಳಗೆ ಮುಚ್ಚಿಕೊಂಡು, ಮೆಟ್ಟಿಲು ಹತ್ತಿ ಹೋಗಿ, ಅತ್ತ ಇತ್ತ ನೋಡಿ ಬೀಸಿ ಒಗೆದೆ. "ಹೋಗಿ ಮುಟ್ಟು ಮಾರಾಯ" ಅಂತ ಬೇರೆ ಅಂದೆ. ಅದು ಬಿದ್ದ ಸಪ್ಪಳವೂ ಕೇಳಲಿಲ್ಲ, ನೀರು ಅಷ್ಟು ಕೆಳಗಿತ್ತು.

ವಾಪಸು ಬಂದಾಗ ಇವರು ಒದ್ದೆ ತಲೆಯಲ್ಲಿ ಹಾಸಿಗೆಯ ಮೇಲೆ ಕೂತಿದ್ದರು. ಕೈಯಲ್ಲಿ ಬಿಚ್ಚಿದ ಬಟ್ಟೆ. ಬಟ್ಟೆಯಲ್ಲಿ ಮೂರು ದಿನದ ಒಣ ಪತ್ರೆ. ಕೊರಳಿನ ದಾರ ಬೆವರಿಗೆ ಕೊಳೆಯಾಗಿತ್ತೆಂದು ಅದನ್ನು ಬಿಚ್ಚಿ ತೊಳೆದು ಒಣಗಲು ಹಾಕಿ, ಲಿಂಗದ ಗಂಟನ್ನು ಹತ್ತೇ ನಿಮಿಷದ ಮಟ್ಟಿಗೆ ಅದೇ ಮೇಜಿನ ಮೇಲೆ ಇಟ್ಟು ಸ್ನಾನಕ್ಕೆ ಹೋಗಿದ್ದರಂತೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಗಾದೆ ನನ್ನನ್ನು ನೋಡಿಯೇ ಹುಟ್ಟಿದ್ದಿರಬೇಕು.

ಬೈದಿದ್ದರೆ ಚೆನ್ನಾಗಿತ್ತು. ಇವರು ಬೈಯಲಿಲ್ಲ. ಪತ್ರೆಯನ್ನು ಮತ್ತೆ ಗಂಟು ಕಟ್ಟಿದರು. "ಎರಡಕ್ಕೂ ಒಂದ ಥರದ ಬಟ್ಟಿ ಹಾಕಿದ್ದು ನನ್ನ ತಪ್ಪು" ಅಂದರು. ಎದ್ದು ನಿಂತು, "ಎಲ್ಲಿ ಬಿಟ್ಟಿ, ತೋರಸು" ಅಂದರು. ಮೇಲೆ ಹೋಗಿ ಜಾಗ ತೋರಿಸಿದೆ. ಹಡಗು ಆಗಲೇ ಎಷ್ಟು ದೂರ ಬಂದಿತ್ತೋ. ಜೀವಮಾನವೆಲ್ಲ ಗಡಿ ಗುರುತಿಸಿದ ಮನುಷ್ಯ, ಗುರುತೇ ಇಲ್ಲದ ನೀರಿಗೆ ಕೈ ಮುಗಿದು ಕೆಳಗೆ ಬಂದರು.

ಅವತ್ತಿನಿಂದ ಇವರು ಉಣ್ಣಲಿಲ್ಲ.

ಲಿಂಗ ಕಳೆದರೆ ಜಂಗಮ ಅಯ್ಯನವರು ಬಂದು ಬೇರೆ ಲಿಂಗ ಕಟ್ಟುವವರೆಗೆ ಊಟವಿಲ್ಲ. ಊರಲ್ಲಾದರೆ ಇದು ಅರ್ಧ ದಿನದ ಮಾತು. ಮಠ ಇದೆ, ಬಸ್ಸಿದೆ, ಯಾರದೋ ಮೋಟಾರು ಬೈಕಿದೆ. ಇಲ್ಲಿ ನ್ಯೂಯಾರ್ಕು ಮುಟ್ಟಲಿಕ್ಕೆ ಇನ್ನೂ ಪೂರ್ತಿ ನಾಲ್ಕು ದಿನ. ಇವರಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿ ಉಣ್ಣದಿದ್ದರೆ ಸಕ್ಕರೆ ಇಳಿದು ಬೀಳುತ್ತಾರೆ, ಗುಳಿಗೆ ಬಿಟ್ಟರೆ ಅದೊಂದು ತಾಪತ್ರಯ. ಬಿದ್ದು ತಲೆಗೆ ಪೆಟ್ಟಾದರೆ ಆಗಷ್ಟೇ ಕೂಡಿಸಿದ ಕಣ್ಣು ಹೋದಂತೆಯೇ. ನಾನು ಅತ್ತೆ, ಕೂಗಾಡಿದೆ. ಕಡೆಗೆ ನೀರಿಗೆ ಮಾತ್ರ ಒಪ್ಪಿದರು.

ತಂಗಿಗೆ ಫೋನು ಮಾಡಿದೆ. "ಅಕ್ಕಾ, ಇಲ್ಲಿ ನಮ್ಮವರ ಪೈಕಿ ಒಬ್ಬರು ಹಿರೇರು ಅಯ್ಯಾರು ಅದಾರ. ಹಡಗ ಮುಟ್ಟಿದ ದಿನಾನ ಮನಿಗೆ ಕರಸ್ತೇನಿ. ಅಲ್ಲೀಮಟ ಮಾಮಾಗ ಒಂದೀಟು ಹಾಲರ ಕುಡಸು" ಅಂದಳು. ಹಾಲು ಹಿಡಿದುಕೊಂಡು ನಿಂತರೆ ಇವರು ಗೋಡೆ ಕಡೆ ತಿರುಗಿದರು. ನಾನು ಸೋಲಲಿಲ್ಲ. ಬಾಗೇವಾಡಿ ಕಡೆ ನಮ್ಮ ಮನೆತನದ ಮಠದ ಹಿರಿಯ ಸ್ವಾಮಿಗಳಿಗೇ ಫೋನು ಹಚ್ಚಿದೆ. ಅವರಿಗೆ ಕಿವಿ ಮಂದ. ಸಮುದ್ರ ಅಂತ ಮೂರು ಸಲ ಒದರಿದ ಮೇಲೆ, "ಹಡಗಿನ್ಯಾಗ ಯಾರರ ಜಂಗಮರು ಅದಾರೇನ್ ನೋಡ್ರಿ ತಾಯಿ" ಅಂದರು. ಇಲ್ಲರೀ ಅಂದೆ. "ಹಂಗಾದ್ರ ಮನಸಿನ್ಯಾಗ ಲಿಂಗಾ ನೆನಸಿ ಉಣ್ಣಾಕ ಹೇಳ್ರಿ. ಜೀವ ದೊಡ್ಡದು" ಅಂದರು. ನಾನು ಗೆದ್ದೆ ಅಂತ ಫೋನನ್ನೇ ಇವರ ಕಿವಿಗೆ ಹಿಡಿದೆ. ಇವರು ಎದ್ದು ನಿಂತು, ಕಾಣದ ಸ್ವಾಮಿಗಳಿಗೆ ತಲೆಬಾಗಿ ಹೂಂರಿ ಹೂಂರಿ ಅಂದು ಕೇಳಿಸಿಕೊಂಡು, ಫೋನು ಇಟ್ಟ ಮೇಲೆ ಹೇಳಿದರು: "ಫೋನಿನ್ಯಾಗ ಹಂಗ ಹೇಳ್ತಾರ. ಎದರಿಗೆ ಕುಂತಿದ್ರ ಹೇಳ್ತಿದ್ದಿಲ್ಲ." ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮ್ಮಲ್ಲಿ ಪೂಜಾರಿ ಕೊಟ್ಟರೂ ಭಕ್ತ ಒಲ್ಲೆ ಅಂತ ಕೂತಿದ್ದ.

ಅದರ ಮೇಲೆ ಹಡಗಿನ ಗಡಿಯಾರ. ಪಶ್ಚಿಮಕ್ಕೆ ಹೋಗುವ ಹಡಗಿನಲ್ಲಿ ಹೆಚ್ಚುಕಡಿಮೆ ದಿನಕ್ಕೊಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಮೊದಲ ದಿನಗಳಲ್ಲಿ ಒಂದು ತಾಸು ಹೆಚ್ಚು ನಿದ್ದೆ ಅಂತ ಖುಷಿಪಟ್ಟಿದ್ದೆ. ಈಗ ಉಪವಾಸದವರ ದಿನ ಇಪ್ಪತ್ತೈದು ತಾಸಿನದಾಯಿತು. ಸುತ್ತ ಜನ ತಟ್ಟೆ ತುಂಬಿಕೊಂಡು ಓಡಾಡುವುದನ್ನು ನೋಡಿ ನನಗೆ ಅವರ ಮೇಲೆಲ್ಲ ಸಿಟ್ಟು. ನಾನೂ ಸರಿಯಾಗಿ ಉಣ್ಣಲಿಲ್ಲ. ಸುಳ್ಳೇಕೆ, ಒಮ್ಮೆ ಬಚ್ಚಲಲ್ಲಿ ನಿಂತು ಒಂದು ಬಾಳೆಹಣ್ಣು ತಿಂದೆ.

ಆರನೆಯ ದಿನ ಬೆಳಿಗ್ಗೆ ಇವರು ಮೆಟ್ಟಿಲ ಮೇಲೆ ತಪ್ಪಿದರು. ಕೆಳಗೆ ಬರುತ್ತಿದ್ದ ಯಾರೋ ತೋಳು ಹಿಡಿದರು, ಇಲ್ಲದಿದ್ದರೆ ಮುಖ ನೆಲಕ್ಕೆ ಬಡಿಯುತ್ತಿತ್ತು. ಹಡಗಿನ ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿ, ಈಗಿಂದೀಗ ಉಣ್ಣಬೇಕು, ಇಲ್ಲ ಬಾಟಲಿ ಏರಿಸಬೇಕು ಅಂದಳು. ನಾನು ಇವರಿಗೆ ತಿಳಿಸಿ ಹೇಳಿದೆ. "ಸೂಜಿಯಿಂದ ಹೋದ್ರೂ ಅದು ಊಟನ" ಅಂದರು ಇವರು. ಒಪ್ಪುತ್ತಿಲ್ಲ ಅಂತ ಅವಳಿಗೆ ಹೇಳಿದೆ. ಮಧ್ಯಾಹ್ನ ಮತ್ತೆ ನೋಡುತ್ತೇನೆ, ಆಗಲೂ ಹೀಗೇ ಇದ್ದರೆ ಕೇಳುವುದಿಲ್ಲ ಅಂದಳು. ಕೇಳದೆ ಸೂಜಿ ಚುಚ್ಚಿದರೆ ಈ ಮನುಷ್ಯ ಅದನ್ನು ಕಿತ್ತೊಗೆಯುತ್ತಾರೆ ಅನ್ನುವುದು ನನಗೆ ಗೊತ್ತಿತ್ತು.

ಈಗ ನನ್ನ ಕರಡಿಗೆಯ ವಿಷಯ ಹೇಳಲೇಬೇಕು.

ಇಪ್ಪತ್ತೆರಡು ವರ್ಷದ ಹಿಂದೆ ನಾನು ದಿನಾ ಇಂಡಿಯಿಂದ ಸಿಂದಗಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಒಂದು ದಿನ ಪರೀಕ್ಷೆಯ ಕೆಲಸಕ್ಕೆ ದೇವರ ಹಿಪ್ಪರಗಿಗೆ ಹಾಕಿದ್ದರು. ಸಂತೆಯ ದಿನ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮನೆಗೆ ಬಂದು ನೋಡಿದರೆ ನನ್ನ ಕೊರಳಿನ ಕರಡಿಗೆಯ ಮುಚ್ಚಳ ಬಾಯಿ ತೆರೆದುಕೊಂಡಿದೆ, ಒಳಗೆ ಲಿಂಗ ಇಲ್ಲ. ಅದರ ತಿರುಪು ಸವೆದದ್ದು ಗೊತ್ತಿದ್ದೂ ರಿಪೇರಿ ಮಾಡಿಸಿರಲಿಲ್ಲ. ಮರುದಿನ ರಜೆ ಹಾಕಿ ಹೋಗಿ ಆ ಬಸ್ ನಿಲ್ದಾಣದ ಧೂಳನ್ನೆಲ್ಲ ಕೆದಕಿದೆ. ಜೋಳ, ತೊಗರಿ ಕಾಳು ಸಿಕ್ಕವು.

ಆಗ ಇವರು ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದರು. ನಮ್ಮತ್ತೆಗೆ ಇವರೊಬ್ಬರೇ ಮಗ. ಸೊಸೆಯ ಲಿಂಗ ಕಳೆಯಿತು ಅಂದರೆ ಮಗನಿಗೆ ಕೇಡು ಅಂತ ಆ ಮುದುಕಿ ಎದೆ ಒಡೆದುಕೊಳ್ಳುತ್ತಾಳೆ. ಮೇಲಾಗಿ ಅವರು ಲಿಂಗಪೂಜೆ ಮಾಡಿದ ಕೈಯ ಅಡುಗೆ ಮಾತ್ರ ಉಣ್ಣುವವರು, ಬೆಳಿಗ್ಗೆ ನನ್ನ ಪೂಜೆಯ ಲಿಂಗದ ನೀರು ಕುಡಿದೇ ತಟ್ಟೆಗೆ ಕೈ ಹಾಕುವವರು. ಇವರು ಹುಷಾರಾಗಲಿ, ಎಂಟು ದಿನ ಬಿಟ್ಟು ಸದ್ದಿಲ್ಲದೆ ಬೇರೆ ಕಟ್ಟಿಸಿಕೊಳ್ಳೋಣ ಅಂದುಕೊಂಡೆ. ಮರುದಿನದ ಪೂಜೆಗೆ ಅಂಗೈ ಖಾಲಿ ಇಡುವಂತಿರಲಿಲ್ಲ. ಬೆಳ್ಳಿ ಸಾಮಾನು ತೊಳೆಯಲಿಕ್ಕೆ ಅಂಟವಾಳದ ಕಾಯಿ ನೆನೆಹಾಕಿದ್ದೆ. ಅದರ ಬೀಜ ಗುಂಡಗೆ, ಕರ್ರಗೆ, ಕಲ್ಲಿನಷ್ಟು ಗಟ್ಟಿ. ಒಂದನ್ನು ಆರಿಸಿಕೊಂಡೆ. ಅತ್ತೆಯ ಕಣ್ಣಿಗೆ ಪೊರೆ ಬಂದು ಮಂಜಾಗಿತ್ತು, ಅವರಿಗೆ ಗೊತ್ತಾಗಲಿಲ್ಲ.

ಎಂಟು ದಿನ ಅಂದದ್ದು ತಿಂಗಳಾಯಿತು. ತಿಂಗಳಾದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ವಿಜ್ಞಾನ ಓದಿದವಳು, ಕಲ್ಲಾದರೇನು ಬೀಜವಾದರೇನು ಅಂತ ನನಗೆ ನಾನೇ ಜಂಬದಿಂದ ಹೇಳಿಕೊಂಡೆ. ಆದರೆ ದಿನಾ ಗೋಡೆಯ ಕಡೆ ಮುಖ ಮಾಡಿಯೇ ಪೂಜೆಗೆ ಕೂರುತ್ತಿದ್ದೆ. ಅತ್ತೆ ಹೀಗೆ ಏಳು ವರ್ಷ ನನ್ನ ಕೈಯಲ್ಲಿ ಉಂಡರು. ಕೊನೆಯ ದಿನ ಬೆಳಿಗ್ಗೆ ಮಾತು ನಿಲ್ಲುವ ಮೊದಲು, "ಪೂಜಿ ಆತೇನವಾ? ನೀರು ತಾ" ಅಂದರು. ಮೂರು ಚಮಚ ಹಾಕಿದೆ. ಕುಡಿದು, ನನ್ನ ಕೈ ಹಿಡಿದುಕೊಂಡೇ ಹೋದರು. ಅವರು ಅಷ್ಟು ನಂಬಿ ಕುಡಿದದ್ದು ಸಾಬೂನು ಕಾಯಿಯ ಬೀಜ ತೊಳೆದ ನೀರು. ಇದನ್ನು ನೆನೆಸಿಕೊಂಡಾಗೆಲ್ಲ ನನ್ನ ವಿಜ್ಞಾನ ಯಾವ ಕೆಲಸಕ್ಕೂ ಬರಲಿಲ್ಲ.

ಡಾಕ್ಟರಮ್ಮನ ಕೋಣೆಯಿಂದ ಬಂದು ಇವರನ್ನು ಮೇಲೆ ಬಿಸಿಲಲ್ಲಿ ಕುರ್ಚಿಯ ಮೇಲೆ ಕೂರಿಸಿ ಕಂಬಳಿ ಹೊದಿಸಿದೆ. ಲಿಂಗವಿಲ್ಲದೆ ಉಂಡರೆ ಏನೂ ಆಗುವುದಿಲ್ಲ ಅನ್ನಲಿಕ್ಕೆ ನನ್ನ ಹತ್ತಿರ ಇದ್ದ ಒಂದೇ ಸಾಕ್ಷಿ ನಾನೇ. ಕೊರಳಿಂದ ಕರಡಿಗೆ ತೆಗೆದು ಇವರ ಕೈಯಲ್ಲಿಟ್ಟೆ.

"ತಗದು ನೋಡ್ರಿ" ಅಂದೆ.

ಇವರು ತಡೆದರು. ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟುವುದಿಲ್ಲ. ನಾನೇ ಮುಚ್ಚಳ ತಿರುಗಿಸಿ ತೆಗೆದೆ. ಇವರು ಬಲಗಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇದೇನು?"

"ಅಂಟವಾಳದ ಬೀಜ."

"ಎಂದಿನಿಂದ?"

ಎಲ್ಲ ಹೇಳಿದೆ. ಹಿಪ್ಪರಗಿಯ ಸಂತೆ, ಕಾಮಾಲೆ, ಎಂಟು ದಿನ. "ಇಪ್ಪತ್ತೆರಡು ವರ್ಷ ಲಿಂಗಿಲ್ಲದ ಉಂಡೇನಿ. ನನಗೇನಾಗೇತಿ? ನೀವು ಎರಡು ದಿನ ಉಣ್ರಿ. ಪಾಪ ಬಂದ್ರ ನನಗ ಬರ್ಲಿ" ಅಂದೆ.

ಇವರ ಮುಖ ನಾನು ಎಂದೂ ನೋಡದ ಹಾಗೆ ಬಿಗಿಯಿತು. "ಇಪ್ಪತ್ತೆರಡು ವರ್ಷ ಮನಿಯೊಳಗ ಖೊಟ್ಟಿ ದಾಖಲಿ ಇಟ್ಟಿ" ಅಂದರು. ಖೊಟ್ಟಿ ಅನ್ನುವುದು ಇವರ ಬಾಯಲ್ಲಿ ಎಲ್ಲಕ್ಕಿಂತ ಕೆಟ್ಟ ಬೈಗುಳ. ಸುಳ್ಳು ಅಳತೆ ಬರೆದ ನೌಕರರಿಗೆ ಮಾತ್ರ ಅಂದದ್ದು ಕೇಳಿದ್ದೆ. ಆಮೇಲೆ ದನಿ ಇಳಿಯಿತು. "ಅವ್ವ?"

"ಅವರಿಗೂ ಗೊತ್ತಿದ್ದಿಲ್ರಿ" ಅಂದೆ.

"ಅವ್ವನ ಕಡೀ ನೀರು?"

"ಇದರದ" ಅಂದೆ.

ಕರಡಿಗೆಯನ್ನು ನನ್ನ ಮಡಿಲಲ್ಲಿಟ್ಟು ಎದ್ದರು. ಹಿಡಿಯಲು ಹೋದರೆ ಕೈ ಸರಿಸಿದರು. ಒಂದು ಕೈಯಲ್ಲಿ ಕಟಕಟೆ ಹಿಡಿದುಕೊಂಡು ಹಡಗಿನ ಸುತ್ತ ನಡೆಯಲಿಕ್ಕೆ ಶುರು ಮಾಡಿದರು. ನಡೆಯುವಾಗ ಹೆಜ್ಜೆ ಎಣಿಸುವುದು ಇವರ ಹಳೆಯ ಚಟ, ತುಟಿ ಅಲ್ಲಾಡುತ್ತಿತ್ತು. ಒಂದು ಸುತ್ತು ಬಂದರು. ನನ್ನನ್ನು ನೋಡದೆ ದಾಟಿದರು. ಎರಡನೆಯ ಸುತ್ತೂ ಹಾಗೇ. ಎರಡೂವರೆ ದಿನದ ಉಪವಾಸದ ಮನುಷ್ಯ, ಎಲ್ಲಿ ಬೀಳುತ್ತಾರೋ ಅಂತ ನನ್ನ ಜೀವ ಅಂಗೈಯಲ್ಲಿತ್ತು. ಹೆಂಡತಿಯಾಗಿ ಇಷ್ಟು ವರ್ಷದಲ್ಲಿ ಅಷ್ಟು ಒಂಟಿ ನಾನು ಎಂದೂ ಕೂತಿರಲಿಲ್ಲ. ಮೂರನೆಯ ಸುತ್ತಿಗೆ ಇವರು ಬರಲಿಲ್ಲ.

ಓಡಿದೆ. ಆ ಕಡೆ ಇಲ್ಲ, ಈ ಕಡೆ ಇಲ್ಲ. ಕಟಕಟೆಯ ಮೇಲೆ ಬಗ್ಗಿ ನೀರನ್ನೂ ನೋಡಿದೆ. ಮೆಟ್ಟಿಲಿಳಿದು ಕೋಣೆಯ ಬಾಗಿಲು ತೆರೆದರೆ ಬಚ್ಚಲಲ್ಲಿ ನೀರು ಬೀಳುವ ಸಪ್ಪಳ. ಅಲ್ಲೇ ಗೋಡೆಗೆ ಒರಗಿ ನಿಂತೆ.

ಇವರು ಹೊರಗೆ ಬಂದರು. ಒದ್ದೆ ತಲೆ, ಧೋತರ, ಹಣೆಗೆ ಮೂರು ಗೆರೆ ವಿಭೂತಿ. ಹಾಸಿಗೆಯ ಮೇಲೆ ಪದ್ಮಾಸನ ಹಾಕಿ ಕುಳಿತು ಎಡ ಅಂಗೈ ಮುಂದೆ ಚಾಚಿದರು.

"ಕೊಡು."

ನನಗೆ ಅರ್ಥವಾಗಲಿಲ್ಲ. "ಅದು ಬೀಜರೀ" ಅಂದೆ.

"ಗೊತ್ತೈತಿ" ಅಂದರು. ಕೈ ಹಾಗೇ ಇತ್ತು. "ಅವ್ವ ಏಳು ವರ್ಷ ಇದರ ನೀರು ಕುಡದು ಉಂಡಾಳ. ಕಡೀಕ ಇದರ ನೀರು ಕುಡದು ಹೋಗ್ಯಾಳ. ಇದು ಖೊಟ್ಟಿ ಅಂತ ಬರದ್ರ ಅವ್ವ ಉಂಡದ್ದೆಲ್ಲಾ ಖೊಟ್ಟಿ ಅಂತ ಬರದಂಗ. ನನ್ನ ಕಡಿಂದ ಆಗೂದಿಲ್ಲ. ಆಕಿಗೆ ನಡದದ್ದು ನನಗೂ ನಡೀತೈತಿ. ಕೊಡು."

ಕೊಟ್ಟೆ. ಇವರು ಅದಕ್ಕೆ ವಿಭೂತಿ ಹಚ್ಚಿದರು, ನೀರೆರೆದರು, ಒಣ ಪತ್ರೆಯ ಎಸಳು ಏರಿಸಿದರು. ಇಪ್ಪತ್ತೆರಡು ವರ್ಷ ನನ್ನ ನೀರು, ನನ್ನ ಬೂದಿ ಕುಡಿದು ಆ ಬೀಜ ನಿಜಕ್ಕೂ ಕಲ್ಲಿನ ಹಾಗೆ ಹೊಳೆಯುತ್ತಿತ್ತು. ಪೂಜೆ ಮುಗಿಸಿ ಆ ನೀರನ್ನು ಬಟ್ಟಲಿನಿಂದ ಕುಡಿದರು. ಉಳಿದದ್ದನ್ನು ನನ್ನ ಕಡೆ ಚಾಚಿದಾಗ ನಾನು ಬಾಯಿಗೆ ಸೆರಗು ತುಂಬಿಕೊಂಡು ಅತ್ತುಬಿಟ್ಟೆ. ಅತ್ತೆ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಆಮೇಲೆ ಖಡಕ್ ರೊಟ್ಟಿ ಮುರಿದು ಮೊಸರಲ್ಲಿ ನೆನೆಸಿ ಕೊಟ್ಟೆ. ಮೆಲ್ಲಗೆ ಉಂಡರು. ಅರ್ಧ ಉಂಡ ಮೇಲೆ ತಲೆ ಎತ್ತಿ, "ಉಪ್ಪಿನಕಾಯಿ ಇಲ್ಲೇನು?" ಅಂದರು. ಆ ಮಾತು ಕೇಳಿ ನನಗೆ ಜೀವ ಬಂತು. ಮಧ್ಯಾಹ್ನ ಡಾಕ್ಟರಮ್ಮ ಬಂದು ಬೆರಳು ಚುಚ್ಚಿ ನೋಡಿ, ಏನು ಕೊಟ್ಟಿರಿ ಅಂತ ಕೇಳಿದಳು. ರೊಟ್ಟಿ ಅಂದೆ. ಮಿಕ್ಕದ್ದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಕ್ಷಮಿಸಿದೆ ಅಂತ ಇವರು ಹೇಳಲಿಲ್ಲ. ಉಳಿದ ಎರಡು ದಿನ ಮಾತೂ ಕಡಿಮೆಯೇ ಇತ್ತು. ಒಮ್ಮೆ ರೊಟ್ಟಿ ಮುರಿಯುತ್ತಿದ್ದವರು, "ನನಗ ಹೇಳಬೇಕಿತ್ತು" ಅಂದರು. ಹೌದ್ರಿ ಅಂದೆ. ಅಷ್ಟೇ. ಆದರೆ ಬೆಳಿಗ್ಗೆ ತಮ್ಮ ಪೂಜೆ ಮುಗಿದ ಮೇಲೆ ಬೀಜವನ್ನು ಒರೆಸಿ ನನ್ನ ಅಂಗೈಯಲ್ಲಿಟ್ಟು, "ನಿಂದು ಮಾಡ್ಕೋ" ಅನ್ನುತ್ತಿದ್ದರು. ನಾನು ಅಭ್ಯಾಸದಂತೆ ಗೋಡೆ ಕಡೆ ತಿರುಗಿದೆ. "ಈ ಕಡೆ ಕುಂಡ್ರು" ಅಂದರು. ತಿರುಗಿ ಕುಳಿತೆ.

ನ್ಯೂಯಾರ್ಕು ಬಂದದ್ದು ಬೆಳಗಿನ ಜಾವ. ಎತ್ತರದ ಕಟ್ಟಡಗಳನ್ನು ನೋಡಲಿಕ್ಕೆ ಜನ ಮುಗಿಬಿದ್ದರು. ಇವರು ಮಾತ್ರ ಹಡಗಿನ ಹಿಂದಿನ ತುದಿಗೆ ಹೋಗಿ, ನಾವು ಬಂದ ನೀರಿನ ಕಡೆ ಒಮ್ಮೆ ನೋಡಿ ಬಂದರು.

ಅವತ್ತು ಸಂಜೆ ತಂಗಿಯ ಮನೆಗೆ ಆ ಹಿರಿಯ ಅಯ್ಯನವರು ಬಂದರು. ಬಿಳಿ ಗಡ್ಡ, ಕೋಟಿನ ಮೇಲೆ ರುದ್ರಾಕ್ಷಿ. ಇವರನ್ನು ಮಣೆಯ ಮೇಲೆ ಕೂರಿಸಿ, ಮಂತ್ರ ಹೇಳಿ ಹೊಸ ಲಿಂಗ ಕಟ್ಟಿದರು. ನಾನು ಪಕ್ಕದಲ್ಲಿ ಕೈ ಮುಗಿದು ಕುಳಿತಿದ್ದೆ. ಅವರ ಚೀಲದಲ್ಲಿ ಇನ್ನೂ ಲಿಂಗಗಳಿದ್ದವು. ಎಲ್ಲ ಹೇಳಿ ನಾನೂ ಒಂದು ಕಟ್ಟಿಸಿಕೊಂಡುಬಿಡಬೇಕು, ಇನ್ನು ಇವರ ಮನೆಯಲ್ಲಿ ಖೊಟ್ಟಿ ದಾಖಲೆ ಬೇಡ ಅಂತ ಹಡಗಿನಲ್ಲೇ ನಿಶ್ಚಯ ಮಾಡಿದ್ದೆ. ಅಯ್ಯನವರು ನನ್ನ ಕಡೆ ತಿರುಗಿ, "ತಂಗೀ, ನಿಂದು ಲಿಂಗಾ ಐತಿಲ್ಲೋ?" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ, ಒಂದು ಗುಂಟೆ ಸುಳ್ಳು ಬರೆಯದ ನನ್ನ ಗಂಡ ಹೇಳಿದರು:

"ಆಕೀದು ಐತ್ರಿ. ನಾನ ಪೂಜಿ ಮಾಡೇನಿ."